ಎನ್‌ಎಚ್‌ಎಸ್: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿಗೆ ಬಂದ ಹೊಸದರಲ್ಲಿ ಅಮ್ಮನಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸರ್ಜರಿಗೆ ಹೋಗಬೇಕು" ಅಂದಿದ್ದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಅಳು. ಈ ದೇಶದಲ್ಲಿ ಮಾಮೂಲಿ ಡಾಕ್ಟರ ಕ್ಲಿನಿಕ್ಕಿಗೇ 'ಸರ್ಜರಿ' ಅನ್ನುತ್ತಾರೆ, ಯಾರೂ ಹೊಟ್ಟೆ ಕೊಯ್ಯುವುದಿಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಆವತ್ತು ನಾನು ಹೋಗುತ್ತಿದ್ದದ್ದು ಕೆಮ್ಮಿಗೆ.

ಎನ್‌ಎಚ್‌ಎಸ್ ಅಂದರೆ ನ್ಯಾಷನಲ್ ಹೆಲ್ತ್ ಸರ್ವಿಸ್, ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ. ಅದರ ಬಗ್ಗೆ ಹೊಸಬರು ಬಂದಾಗಲೆಲ್ಲ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಪದ್ಧತಿ ಸ್ವಲ್ಪ ಬೇರೆ.

ವೀಸಾ ಜೊತೆ ಅಷ್ಟೊಂದು ದುಡ್ಡು ಕಟ್ಟಿದ್ದೇನೆ. ನನ್ನ ಹೆಸರು ಎನ್‌ಎಚ್‌ಎಸ್‌ನಲ್ಲಿ ತಾನಾಗಿಯೇ ಸೇರಿರುತ್ತದೆ ಅಲ್ವಾ?

ಇಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ. ನೀವು ಕಟ್ಟಿದ್ದು ಇಮಿಗ್ರೇಶನ್ ಹೆಲ್ತ್ ಸರ್ಚಾರ್ಜ್. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18ರ ಒಳಗಿನ ಮಕ್ಕಳಿಗೂ 776 ಪೌಂಡ್. ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಒಟ್ಟಿಗೆ ಮುಂಚೆಯೇ ವಸೂಲಿ ಮಾಡುತ್ತಾರೆ. 2015ರಲ್ಲಿ ಶುರುವಾದಾಗ ಇದೇ ಬಾಬ್ತು 200 ಪೌಂಡ್ ಇತ್ತು. ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿ ಬಂದ ನರ್ಸುಗಳು, ಡಾಕ್ಟರುಗಳಿಗೆ ಇದು ಇಲ್ಲ.

ಈ ದುಡ್ಡು ಕಟ್ಟಿದರೆ ಚಿಕಿತ್ಸೆ ಪಡೆಯುವ ಹಕ್ಕು ಬರುತ್ತದೆ, ಅಷ್ಟೇ. ಯಾವ ಡಾಕ್ಟರ ಪಟ್ಟಿಯಲ್ಲೂ ನಿಮ್ಮ ಹೆಸರು ಇರುವುದಿಲ್ಲ. ಮನೆ ಸಿಕ್ಕ ವಾರದಲ್ಲೇ ಹತ್ತಿರದ ಜಿಪಿ ಸರ್ಜರಿಯಲ್ಲಿ ಹೆಸರು ಬರೆಸಿಬಿಡಿ. ಬ್ಯಾಂಕ್ ಖಾತೆ, ಸಿಮ್ ಕಾರ್ಡಿಗೆಲ್ಲ ಓಡಾಡುತ್ತೀರಲ್ಲ, ಅದರ ಜೊತೆಗೆ ಇದನ್ನೂ ಮುಗಿಸಿ. ಜ್ವರ ಬಂದ ಮೇಲೆ ಫಾರಂ ತುಂಬುತ್ತಾ ಕೂರುವ ಕಷ್ಟ ನಿಮಗೆ ಬೇಡ.

ಜಿಪಿ ಅಂದರೆ ಯಾರು? ನನಗೆ ಚರ್ಮದ ತೊಂದರೆ, ನೇರವಾಗಿ ಸ್ಕಿನ್ ಸ್ಪೆಷಲಿಸ್ಟ್ ಹತ್ತಿರ ಹೋಗಬಾರದಾ?

ನಮ್ಮ ಕಡೆ ಮಂಡಿ ನೋವು ಬಂದರೆ ಮೂಳೆ ಡಾಕ್ಟರು, ಕಿವಿ ನೋವು ಬಂದರೆ ಇಎನ್‌ಟಿ, ಸೀದಾ ಹೋಗಿ ಫೀಸು ಕೊಟ್ಟು ಕೂರುತ್ತೇವೆ. ಇಲ್ಲಿ ಎಲ್ಲದಕ್ಕೂ ಬಾಗಿಲು ಒಂದೇ, ಅದು ಜಿಪಿ. ಜನರಲ್ ಪ್ರಾಕ್ಟೀಶನರ್, ಅಂದರೆ ಹಳೇ ಕಾಲದ ನಮ್ಮ ಫ್ಯಾಮಿಲಿ ಡಾಕ್ಟರ್ ಥರ. ಬಹುಪಾಲು ಕಾಯಿಲೆ ಅವರ ಹತ್ತಿರವೇ ವಾಸಿಯಾಗುತ್ತದೆ. ಆಗದಿದ್ದರೆ ಅವರೇ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಇದಕ್ಕೆ ರೆಫರಲ್ ಅನ್ನುತ್ತಾರೆ. ರೆಫರಲ್ ಇಲ್ಲದೆ ಎನ್‌ಎಚ್‌ಎಸ್ ಸ್ಪೆಷಲಿಸ್ಟ್ ಸಿಗುವುದಿಲ್ಲ.

ಕೆಲವಕ್ಕೆ ಮಾತ್ರ ಜಿಪಿ ಬೇಕಿಲ್ಲ. ಹಲ್ಲು, ಕಣ್ಣು ಪರೀಕ್ಷೆ, ಲೈಂಗಿಕ ಆರೋಗ್ಯದ ಕ್ಲಿನಿಕ್, ಹೆರಿಗೆ ವಿಭಾಗ, ಮಾನಸಿಕ ಚಿಕಿತ್ಸೆಯ ಟಾಕಿಂಗ್ ಥೆರಪೀಸ್ ಇವಕ್ಕೆ ನೀವೇ ನೇರವಾಗಿ ಹೋಗಬಹುದು.

ರಿಜಿಸ್ಟರ್ ಆಗುವುದು ಹೇಗೆ?

ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಸುತ್ತಮುತ್ತಲಿನ ಸರ್ಜರಿಗಳ ಪಟ್ಟಿ ಬರುತ್ತದೆ. ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಅಲ್ಲೇ ಇರುತ್ತದೆ. ಬಹಳಷ್ಟು ಕಡೆ ಆನ್‌ಲೈನಿನಲ್ಲೇ ಫಾರಂ ತುಂಬಬಹುದು. ಬೇಡ ಅಂದರೆ ಕೌಂಟರಿಗೆ ಹೋಗಿ ಕಾಗದದ ಫಾರಂ ಕೇಳಿ. ಅದರ ಹೆಸರು ಜಿಎಂಎಸ್1. ಇದಕ್ಕೆ ಕಾಸು ಕೊಡಬೇಕಿಲ್ಲ.

ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಫಾರಂ, ಕೂಸಿಗೂ ಒಂದು. ಕೆಲವು ದಿನ ಬಿಟ್ಟು 10 ಅಂಕಿಯ ಎನ್‌ಎಚ್‌ಎಸ್ ನಂಬರ್ ಬರುತ್ತದೆ. ಊರು ಬಿಟ್ಟು ಊರಿಗೆ ಹೋದರೂ ಅದು ಬದಲಾಗುವುದಿಲ್ಲ. ಬರೆದಿಟ್ಟುಕೊಳ್ಳಿ, ಆದರೆ ಅದು ಕಳೆದುಹೋಯಿತು ಅಂತ ಗಾಬರಿ ಬೇಡ. ನಂಬರ್ ನೆನಪಿಲ್ಲ ಅಂತ ಯಾರೂ ಚಿಕಿತ್ಸೆ ನಿಲ್ಲಿಸುವುದಿಲ್ಲ.

"ವಿಳಾಸದ ಪುರಾವೆ ತನ್ನಿ, ಇಲ್ಲದಿದ್ದರೆ ಆಗಲ್ಲ" ಅಂದರು. ನಾನಿನ್ನೂ ಗೆಳೆಯನ ಮನೆಯಲ್ಲಿದ್ದೇನೆ.

ನನಗೂ ಹೀಗೇ ಹೇಳಿ ವಾಪಸ್ ಕಳಿಸಿದ್ದರು. ಸುಮ್ನೆ ಬಂದುಬಿಟ್ಟೆ. ಮೂರು ವಾರ ಆದಮೇಲೆ ನಿಯಮ ಗೊತ್ತಾಯಿತು: ಜಿಪಿಯಲ್ಲಿ ಹೆಸರು ಬರೆಸಲು ಗುರುತಿನ ಚೀಟಿ, ವಿಳಾಸದ ಪುರಾವೆ, ವೀಸಾ ಯಾವುದೂ ಕಡ್ಡಾಯ ಅಲ್ಲ. ಪಾಸ್‌ಪೋರ್ಟ್ ತೋರಿಸಿದರೆ ಹೆಸರು ಸರಿಯಾಗಿ ದಾಖಲಾಗಲು ಅನುಕೂಲ, ಅದಕ್ಕೇ ಕೇಳುತ್ತಾರೆ. ಇಲ್ಲ ಅಂದ ಮಾತ್ರಕ್ಕೆ ಬಾಗಿಲು ಹಾಕುವಂತಿಲ್ಲ.

ಅವರು ಬೇಡ ಅನ್ನಬಹುದಾದ ಕಾರಣಗಳು ಕೆಲವೇ. ಪಟ್ಟಿ ತುಂಬಿರಬೇಕು, ಇಲ್ಲವೇ ನಿಮ್ಮ ಮನೆ ಅವರ ವ್ಯಾಪ್ತಿಯ ಆಚೆ ಇರಬೇಕು. ಏನೇ ಆದರೂ 14 ದಿನದೊಳಗೆ ಬರಹದಲ್ಲಿ ಕಾರಣ ಕೊಡಬೇಕು. ಜಗಳ ಆಡಬೇಡಿ. "ಹಾಗಾದರೆ ಕಾರಣ ಬರೆದು ಕೊಡಿ" ಅಂತ ಮೆತ್ತಗೆ ಕೇಳಿ. ಎಷ್ಟೋ ಸಲ ಆ ಮಾತು ಕೇಳಿದ ಕೂಡಲೇ ಒಳಗಿಂದ ಮ್ಯಾನೇಜರ್ ಬಂದು ಫಾರಂ ಕೊಡುತ್ತಾರೆ.

ನನ್ನ ಹೆಸರೇ ಅವರಿಗೆ ಸಿಗುತ್ತಿಲ್ಲ. ಏನು ಮಾಡಲಿ?

ಇದು ನಮ್ಮವರಿಗೇ ಮೀಸಲಾದ ಕಾಟ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಅನ್ನುವುದೇ ಇಲ್ಲ. ಹೆಸರಿನ ಮುಂದೆ ಎರಡು ಇನಿಷಿಯಲ್: ಒಂದು ಊರಿನದ್ದು, ಒಂದು ಅಪ್ಪನದ್ದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದಿರುತ್ತಾರೆ. ಕೆಲವರ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಸರ್ಜರಿಯಲ್ಲಿ ಕೊನೆಯ ಪದ ಹಿಡಿದು ಕೂಗುತ್ತಾರೆ. "ಮಿಸ್ಟರ್ ರಾಮಕೃಷ್ಣಯ್ಯ" ಅಂತ ಅವರು ಮೂರು ಸಲ ಕೂಗುತ್ತಿದ್ದರೆ, ಅಪ್ಪ ಊರಲ್ಲಿದ್ದಾರಲ್ಲ ಅಂತ ಮಗ ಆರಾಮವಾಗಿ ಮೊಬೈಲ್ ನೋಡುತ್ತಾ ಕೂತಿರುತ್ತಾನೆ.

ಪಾಸ್‌ಪೋರ್ಟಿನಲ್ಲಿ, ಇ-ವೀಸಾದಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಫಾರಂ ತುಂಬಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಕೊಟ್ಟರೆ ಒಬ್ಬರಿಗೇ ಎರಡು ದಾಖಲೆ ಹುಟ್ಟಿಕೊಳ್ಳಬಹುದು. ಫೋನಿನಲ್ಲಿ ಹೆಸರು ಹೇಳಿ ಸುಸ್ತಾಗುವ ಬದಲು ಮೊದಲು ಹುಟ್ಟಿದ ದಿನಾಂಕ, ಪೋಸ್ಟ್‌ಕೋಡ್ ಹೇಳಿಬಿಡಿ. ಅವರು ಹುಡುಕುವುದೇ ಅದರಿಂದ.

ಊರಿನಿಂದ ಬರುವಾಗ ಏನೇನು ತರಬೇಕು?

ನೀವು ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ ಒಂದೆರಡು ತಿಂಗಳಿಗೆ ಆಗುವಷ್ಟು ಮಾತ್ರೆ, ಡಾಕ್ಟರ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ತನ್ನಿ. ಮಕ್ಕಳ ಲಸಿಕೆಯ ಕಾರ್ಡ್ ಮರೆಯಲೇಬೇಡಿ.

ಮಾತ್ರೆಯ ಬ್ರಾಂಡ್ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಥೈರೊನಾರ್ಮ್ ಅಂದರೆ ಇಲ್ಲಿನ ಡಾಕ್ಟರಿಗೆ ಗೊತ್ತಾಗುವುದಿಲ್ಲ, ಲೆವೊಥೈರಾಕ್ಸಿನ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದೇ ಆ ಹೆಸರು. ಅದರ ಫೋಟೊ ಹೊಡೆದಿಟ್ಟುಕೊಳ್ಳಿ, ಮಿಲಿಗ್ರಾಂ ಕಾಣುವ ಹಾಗೆ. ನಮ್ಮಲ್ಲಿ ಎರಡು ಔಷಧ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುವುದು ಜಾಸ್ತಿ. ಇಲ್ಲಿ ಅದನ್ನೇ ಎರಡು ಬೇರೆ ಮಾತ್ರೆಯಾಗಿ ಬರೆಯಬಹುದು. ಗಾಬರಿಯಾಗಿ ಒಂದನ್ನು ಬಿಡಬೇಡಿ.

ಅಪಾಯಿಂಟ್‌ಮೆಂಟ್ ಯಾಕೆ ಸಿಗುತ್ತಿಲ್ಲ? ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೆ ಕ್ಯೂನಲ್ಲಿ 23ನೆಯವನು ಅನ್ನುತ್ತೆ.

ಇಲ್ಲಿ ಹುಟ್ಟಿ ಬೆಳೆದವರದ್ದೂ ಇದೇ ಗೋಳು. ಸರ್ಜರಿಗಳು ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6:30ರವರೆಗೆ ತೆರೆದಿರುತ್ತವೆ. ಆವತ್ತಿನ ಅಪಾಯಿಂಟ್‌ಮೆಂಟ್ ಬಿಡುವುದು ಎಂಟಕ್ಕೆ ಅಂತ ಎಲ್ಲರಿಗೂ ಗೊತ್ತು. ಊರಿಗೆ ಊರೇ ಎಂಟಕ್ಕೆ ಫೋನ್ ಹಿಡಿಯುತ್ತದೆ. ಸೋಮವಾರವಂತೂ ಕೇಳಲೇಬೇಡಿ, ಶನಿವಾರ ಭಾನುವಾರದ ಜ್ವರವೆಲ್ಲ ಅವತ್ತೇ ಲೈನಿಗೆ ಬರುತ್ತದೆ.

ಹಾಗಾಗಿ ಫೋನ್ ಬಿಟ್ಟು ಆನ್‌ಲೈನ್ ಫಾರಂ ನೋಡಿ. 2025ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಸರ್ಜರಿಗಳು ಕೆಲಸದ ಅವಧಿ ಪೂರ್ತಿ ತಮ್ಮ ಆನ್‌ಲೈನ್ ಮನವಿಯ ಕಿಂಡಿಯನ್ನು ತೆರೆದಿಡಬೇಕು ಅಂತ ಆಗಿದೆ. ಸರ್ಜರಿಯ ವೆಬ್‌ಸೈಟಿನಲ್ಲಿ ಅಥವಾ ಎನ್‌ಎಚ್‌ಎಸ್ ಆ್ಯಪಿನಲ್ಲಿ ಏನಾಗಿದೆ, ಎಷ್ಟು ದಿನದಿಂದ, ಏನು ಬೇಕು ಅಂತ ಬರೆದು ಕಳಿಸಿ. ಅವರು ಓದಿ ಯಾರನ್ನು ಇವತ್ತು ನೋಡಬೇಕು, ಯಾರಿಗೆ ಮುಂದಿನ ವಾರ ಸಾಕು ಅಂತ ವಿಂಗಡಿಸುತ್ತಾರೆ. ಮೆಸೇಜ್ ಬರುತ್ತದೆ, ಇಲ್ಲವೇ ಫೋನ್ ಬರುತ್ತದೆ. ಫೋನ್ ಹಲವು ಸಲ 'ಪ್ರೈವೇಟ್ ನಂಬರ್' ಅಂತ ತೋರಿಸುತ್ತದೆ. ಸ್ಪ್ಯಾಮ್ ಅಂತ ಕಟ್ ಮಾಡಿದಿರೋ, ಕೆಲಸ ಕೆಟ್ಟಿತು!

ಫಾರಂನಲ್ಲಿ ಬರೆಯುವುದೂ ಒಂದು ಕಲೆ. "ಹೊಟ್ಟೆ ನೋವು, ಡಾಕ್ಟರ್ ಬೇಕು" ಅಂತ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಬಲಗಡೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, 10 ದಿನದಿಂದ, ಊಟ ಆದಮೇಲೆ ಜಾಸ್ತಿ, ರಾತ್ರಿ ಎರಡು ಸಲ ಎಚ್ಚರ ಆಗಿದೆ, ಪ್ಯಾರಸಿಟಮಾಲ್‌ಗೆ ಕಡಿಮೆ ಆಗಲಿಲ್ಲ" ಅಂತ ಬರೆದು ನೋಡಿ. ಎಷ್ಟು ತುರ್ತು ಅನ್ನುವುದು ಆ ವಿವರದಲ್ಲೇ ಇರುತ್ತದೆ.

ಆಫೀಸಿಗೆ ಹೋಗುವವರಿಗೆ ಇನ್ನೊಂದು ಮಾತು. ಸುತ್ತಲಿನ ಸರ್ಜರಿಗಳು ಸೇರಿ ವಾರದ ದಿನ ರಾತ್ರಿ 8ರವರೆಗೆ, ಶನಿವಾರ ಬೆಳಿಗ್ಗೆ 9ರಿಂದ 5ರವರೆಗೆ ರೋಗಿಗಳನ್ನು ನೋಡುತ್ತವೆ. ಅದು ನಿಮ್ಮ ಸರ್ಜರಿಯಲ್ಲೇ ಇರಬೇಕೆಂದಿಲ್ಲ. ಕೌಂಟರಿನಲ್ಲಿ ನೀವಾಗಿ ಕೇಳಿ, ಅವರಾಗಿ ಹೇಳುವುದು ಕಡಿಮೆ.

ರಿಸೆಪ್ಷನಿಸ್ಟ್ ನನ್ನ ಕಾಯಿಲೆ ಯಾಕೆ ಕೇಳುತ್ತಾರೆ? ನಾಚಿಕೆ ಆಗುತ್ತೆ.

ಕೇಳುವುದು ಅವರ ಕೆಲಸದ ಭಾಗ. ಅದಕ್ಕೆ ಅವರಿಗೆ ತರಬೇತಿ ಕೊಟ್ಟಿರುತ್ತಾರೆ. ಡಾಕ್ಟರಾ, ನರ್ಸಾ, ಫಾರ್ಮಸಿಸ್ಟಾ, ಫಿಸಿಯೋನಾ ಅಂತ ಯಾರ ಹತ್ತಿರ ಕಳಿಸಬೇಕೆಂದು ನಿರ್ಧರಿಸಲು ಕೇಳುತ್ತಾರೆ. ಗುಟ್ಟು ಕಾಪಾಡುವ ನಿಯಮ ಅವರಿಗೂ ಇದೆ. ಹೇಳಲು ಮುಜುಗರ ಆದರೆ "ಇಟ್ಸ್ ಪರ್ಸನಲ್" ಅನ್ನಿ, ಒತ್ತಾಯ ಮಾಡುವುದಿಲ್ಲ. ಹೆಂಗಸರಿಗೆ ಲೇಡಿ ಡಾಕ್ಟರೇ ಬೇಕಿದ್ದರೆ ಆಗಲೇ ಹೇಳಿಬಿಡಿ.

ಹತ್ತೇ ನಿಮಿಷ ಕೊಡುತ್ತಾರಂತೆ. ಅಷ್ಟರಲ್ಲಿ ಏನು ಹೇಳುವುದು?

ಹೌದು, ಒಂದು ಅಪಾಯಿಂಟ್‌ಮೆಂಟ್ ಸುಮಾರು 10 ನಿಮಿಷ. ಮುಖ್ಯವಾದದ್ದನ್ನು ಮೊದಲು ಹೇಳಿ. ನಮ್ಮ ಜನ ಕೆಮ್ಮಿನಿಂದ ಶುರು ಮಾಡಿ, ಹೊರಡುವಾಗ ಬಾಗಿಲ ಹತ್ತಿರ ನಿಂತು "ಅಂದಹಾಗೆ ಡಾಕ್ಟರೇ, ಎದೆಯಲ್ಲಿ ಒಂದು ಗಂಟು..." ಅನ್ನುತ್ತಾರೆ. ಅಷ್ಟು ಹೊತ್ತಿಗೆ ಸಮಯ ಮುಗಿದಿರುತ್ತದೆ. ಎರಡು ಮೂರು ತೊಂದರೆ ಇದ್ದರೆ ಬುಕ್ ಮಾಡುವಾಗಲೇ ಡಬಲ್ ಅಪಾಯಿಂಟ್‌ಮೆಂಟ್ ಕೇಳಿ.

ಇನ್ನೊಂದು ತೊಡಕು ನಮ್ಮ ಇಂಗ್ಲಿಷಿನದ್ದು. ಊರಲ್ಲಿ ಡಾಕ್ಟರ ಹತ್ತಿರ ಆಡುವ ಇಂಗ್ಲಿಷ್ ಪದಗಳು ಇಲ್ಲಿ ಓಡುವುದಿಲ್ಲ. 'ಲೂಸ್ ಮೋಷನ್' ಅಂದರೆ ಮುಖ ನೋಡುತ್ತಾರೆ, 'ಡಯೇರಿಯಾ' ಅನ್ನಿ. 'ಬಿಪಿ ಇದೆ' ಅಂದರೆ ಎಲ್ಲರಿಗೂ ಇರುತ್ತದಲ್ಲ ಅನ್ನುವ ಹಾಗೆ ನೋಡುತ್ತಾರೆ, 'ಹೈ ಬ್ಲಡ್ ಪ್ರೆಷರ್' ಅನ್ನಬೇಕು. 'ಶುಗರ್' ಹೋಗಿ 'ಡಯಾಬಿಟಿಸ್' ಆಗಬೇಕು. 'ಗಿಡಿನೆಸ್'ಗಿಂತ 'ಡಿಜ್ಜಿ' ಬೇಗ ಅರ್ಥವಾಗುತ್ತದೆ.

ಉಷ್ಣದ ಕಥೆ ಇನ್ನೂ ಮಜಾ. 'ಬಾಡಿ ಹೀಟ್ ಆಗಿದೆ' ಅಂದ ನನ್ನ ಅತ್ತಿಗೆಯ ಕಿವಿಗೆ ಥರ್ಮಾಮೀಟರ್ ಇಟ್ಟು, 36.8 ಇದೆ, ಏನೂ ಇಲ್ಲ ಅಂತ ಕಳಿಸಿದ್ದರು. ಅತ್ತಿಗೆ ಹೇಳಬೇಕೆಂದಿದ್ದು ಉರಿಮೂತ್ರ. ಉಷ್ಣ, ಪಿತ್ತ, ವಾಯು ಇವನ್ನೆಲ್ಲ ಬಿಡಿಸಿ ಹೇಳಬೇಕು: ಮೂತ್ರ ಮಾಡುವಾಗ ಉರಿ, ಬಾಯಲ್ಲಿ ಹುಣ್ಣು, ಹುಳಿತೇಗು, ಹೊಟ್ಟೆ ಉಬ್ಬರ. ಎದೆಯಲ್ಲಿ ನೋವು ಇದ್ದಾಗ ಮಾತ್ರ 'ಗ್ಯಾಸ್' ಅಂತ ನೀವೇ ತೀರ್ಮಾನಿಸಬೇಡಿ. 'ಚೆಸ್ಟ್ ಪೇನ್' ಅಂತಲೇ ಹೇಳಿ. ಗ್ಯಾಸೋ ಹೃದಯವೋ ಅವರು ನೋಡಲಿ.

ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಾನೇ ಜೊತೆಗೆ ಹೋಗಬೇಕಾ?

ಹೋಗಬಹುದು, ಆದರೆ ಹೋಗಲೇಬೇಕೆಂದಿಲ್ಲ. ಎನ್‌ಎಚ್‌ಎಸ್‌ನಲ್ಲಿ ಇಂಟರ್‌ಪ್ರಿಟರ್ ಸೌಲಭ್ಯ ಉಚಿತ. ಅಪಾಯಿಂಟ್‌ಮೆಂಟ್ ಮಾಡುವಾಗಲೇ "ಕನ್ನಡ ಇಂಟರ್‌ಪ್ರಿಟರ್ ಬೇಕು" ಅನ್ನಿ, ಡಬಲ್ ಸಮಯವನ್ನೂ ಕೇಳಿ. ಹೆಚ್ಚಾಗಿ ಫೋನಿನಲ್ಲೇ ಸೇರಿಸಿಕೊಳ್ಳುತ್ತಾರೆ. ಭಾಷೆಯ ಹೆಸರಿನ ಸ್ಪೆಲ್ಲಿಂಗ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, "ಕೆನಡಾ?" ಅಂತ ಕೇಳಿದವರು ನನಗೇ ಸಿಕ್ಕಿದ್ದಾರೆ. ಇಂಡಿಯನ್ ಅಂತ ಹಿಂದಿಯವರನ್ನು ಹಾಕಿಕೊಡುವುದೂ ಉಂಟು.

ಮಗ ಅಥವಾ ಸೊಸೆ ಎದುರಿಗೆ ಕೂತಾಗ ಎಷ್ಟೋ ತಾಯಂದಿರು ಹೇಳಬೇಕಾದ್ದನ್ನು ಹೇಳುವುದಿಲ್ಲ. ಗರ್ಭಕೋಶದ ತೊಂದರೆಯನ್ನು ಮಗನ ಬಾಯಲ್ಲಿ ಹೇಳಿಸಲು ಯಾವ ಅಮ್ಮ ಒಪ್ಪುತ್ತಾಳೆ? ಹೊರಗಿನ ಇಂಟರ್‌ಪ್ರಿಟರ್ ಇದ್ದರೆ ಅಮ್ಮನಿಗೇ ಹಗುರ.

ಜ್ವರ ಅಂತ ಹೋದರೆ ಪ್ಯಾರಸಿಟಮಾಲ್ ತಗೊಂಡು ನೀರು ಕುಡಿಯಿರಿ ಅಂದರು. ಇಂಜೆಕ್ಷನ್ ಇಲ್ಲ, ಆ್ಯಂಟಿಬಯಾಟಿಕ್ ಇಲ್ಲ!

ಈ ಬೇಸರ ಎಲ್ಲರಿಗೂ ಆಗುತ್ತದೆ. ವೈರಸ್‌ನಿಂದ ಬರುವ ನೆಗಡಿ ಜ್ವರಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಚೀಟಿ ಇಲ್ಲದೆ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಯಾರಸಿಟಮಾಲ್ ಇಲ್ಲಿ 500 ಮಿಲಿಗ್ರಾಂ ಮಾತ್ರೆ, ನಮ್ಮ ಡೋಲೊ 650ರ ಲೆಕ್ಕದಲ್ಲಿ ನುಂಗಬೇಡಿ, ಡಬ್ಬಿಯ ಮೇಲಿನದ್ದು ಓದಿ. ಸೂಪರ್‌ಮಾರ್ಕೆಟ್ಟಿನಲ್ಲಿ 16 ಮಾತ್ರೆಯ ಎರಡು ಡಬ್ಬಿಗಿಂತ ಜಾಸ್ತಿ ಕೊಡುವುದಿಲ್ಲ. ಯಾರಾದರೂ ಮನಸ್ಸು ಕೆಟ್ಟಾಗ ರಾಶಿ ನುಂಗಿಬಿಟ್ಟರೆ ಅಂತ 1998ರಿಂದ ಡಬ್ಬಿಯನ್ನೇ ಸಣ್ಣದು ಮಾಡಿದ್ದಾರೆ.

ಆದರೆ ವಾಸಿಯಾಗದಿದ್ದರೆ ಸುಮ್ಮನೆ ಕೂರಬೇಡಿ. "ಎಷ್ಟು ದಿನ ನೋಡಿ ಮತ್ತೆ ಬರಲಿ? ಏನಾದರೆ ಕೂಡಲೇ ಬರಬೇಕು?" ಈ ಎರಡು ಪ್ರಶ್ನೆ ಕೇಳದೆ ಕುರ್ಚಿಯಿಂದ ಏಳಬೇಡಿ.

ಮೆಡಿಕಲ್ ಶಾಪಿನವರೇ ಔಷಧ ಕೊಡುತ್ತಾರೆ ಅಂತ ಕೇಳಿದೆ. ನಿಜವಾ?

ನಿಜ. 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಅಂತ ಬಂದಿದೆ. ಏಳು ತೊಂದರೆಗಳಿಗೆ ಫಾರ್ಮಸಿಸ್ಟೇ ನೋಡಿ, ಬೇಕಾದರೆ ಆ್ಯಂಟಿಬಯಾಟಿಕ್ ಸಹಿತ ಕೊಡಬಹುದು: ಗಂಟಲು ನೋವು, ಸೈನಸ್, ಮಕ್ಕಳ ಕಿವಿ ನೋವು, ಕೀವಾದ ಹುಳುಕಡಿತ, ಇಂಪೆಟೈಗೊ ಅನ್ನುವ ಚರ್ಮದ ಸೋಂಕು, ಸರ್ಪಸುತ್ತು, ಮತ್ತು 16ರಿಂದ 64 ವಯಸ್ಸಿನ ಹೆಂಗಸರ ಉರಿಮೂತ್ರ. ಅಪಾಯಿಂಟ್‌ಮೆಂಟ್ ಬೇಕಿಲ್ಲ. ಒಳಗೆ ಸಣ್ಣ ಕೋಣೆ ಇರುತ್ತದೆ, ಅಲ್ಲಿ ಕೂರಿಸಿ ಮಾತಾಡುತ್ತಾರೆ. ಅತ್ತಿಗೆಯ 'ಉಷ್ಣ' ಕೊನೆಗೆ ವಾಸಿಯಾಗಿದ್ದು ಇಂಥ ಒಂದು ಕೋಣೆಯಲ್ಲೇ.

ಔಷಧಕ್ಕೆ ದುಡ್ಡು ಕೊಡಬೇಕಾ?

ಇಂಗ್ಲೆಂಡಿನಲ್ಲಿ ಕೊಡಬೇಕು. 2024ರ ಮೇ ತಿಂಗಳಿಂದ ಚೀಟಿಯಲ್ಲಿರುವ ಒಂದೊಂದು ಔಷಧಕ್ಕೂ 9.90 ಪೌಂಡ್. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಇದು ಉಚಿತ. 16ರ ಒಳಗಿನವರು, ಪೂರ್ತಿ ಸಮಯ ಓದುತ್ತಿರುವ 16ರಿಂದ 18ರವರು, 60 ದಾಟಿದವರು ಕೊಡಬೇಕಿಲ್ಲ.

ನಮ್ಮವರು ತಿಳಿಯದೆ ದುಡ್ಡು ಕಳೆಯುವ ಜಾಗ ಇದು. ಥೈರಾಯ್ಡ್ ಕಡಿಮೆ ಇದ್ದು ದಿನಾ ಮಾತ್ರೆ ತೆಗೆದುಕೊಳ್ಳುವವರಿಗೆ, ಡಯಾಬಿಟಿಸ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೆಡಿಕಲ್ ಎಕ್ಸೆಂಪ್ಶನ್ ಸರ್ಟಿಫಿಕೇಟ್ ಸಿಗುತ್ತದೆ. ಎಫ್‌ಪಿ92ಎ ಅನ್ನುವ ಫಾರಂ ಸರ್ಜರಿಯಲ್ಲೇ ಕೊಡುತ್ತಾರೆ. ಅದು ಬಂದರೆ ಐದು ವರ್ಷ ಎಲ್ಲ ಔಷಧವೂ ಉಚಿತ, ಥೈರಾಯ್ಡಿನದ್ದು ಮಾತ್ರ ಅಲ್ಲ. ಬಿಪಿ, ಆಸ್ತಮಾಕ್ಕೆ ಈ ರಿಯಾಯಿತಿ ಇಲ್ಲ. ಅಂಥವರು ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಔಷಧ ಕೊಳ್ಳುತ್ತಿದ್ದರೆ 114.50 ಪೌಂಡಿನ ವರ್ಷದ ಪ್ರೀಪೇಮೆಂಟ್ ಸರ್ಟಿಫಿಕೇಟ್ ಮಾಡಿಸಿ, ಒಂದು ಸಲ ಕಟ್ಟಿದರೆ ವರ್ಷವಿಡೀ ಚೀಟಿಯ ಔಷಧಕ್ಕೆ ಮತ್ತೆ ಕೊಡಬೇಕಿಲ್ಲ. ಸರ್ಟಿಫಿಕೇಟ್ ಇಲ್ಲದೆ 'ಉಚಿತ' ಅಂತ ಟಿಕ್ ಹಾಕಬೇಡಿ, ದಂಡದ ಕಾಗದ ಮನೆಗೆ ಬರುತ್ತದೆ.

111, 999, ಎ ಅಂಡ್ ಇ: ಯಾವಾಗ ಯಾವುದು?

ಜೀವಕ್ಕೆ ಅಪಾಯ ಅನ್ನಿಸಿದರೆ 999ಕ್ಕೆ ಫೋನ್ ಮಾಡಿ. ಎದೆನೋವು, ಉಸಿರು ಸಿಗದಿರುವುದು, ಮುಖ ಒಂದು ಕಡೆ ಸೊಟ್ಟಗಾಗಿ ಮಾತು ತೊದಲುವುದು, ನಿಲ್ಲದ ರಕ್ತ, ಪ್ರಜ್ಞೆ ತಪ್ಪುವುದು. ಆಂಬುಲೆನ್ಸಿಗೆ ದುಡ್ಡಿಲ್ಲ. ನೆರೆಯವರ ಕಾರು ಸಿಗುತ್ತಾ ಅಂತ ಹುಡುಕುತ್ತಾ ಕೂರಬೇಡಿ.

ಅಷ್ಟಿಲ್ಲ, ಆದರೆ ಸರ್ಜರಿ ತೆರೆಯುವವರೆಗೆ ಕಾಯುವುದೂ ಕಷ್ಟ ಅನ್ನಿಸಿದರೆ 111ಕ್ಕೆ ಫೋನ್ ಮಾಡಿ, ಅದು ಎನ್‌ಎಚ್‌ಎಸ್ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ. ಕೇಳಿದ್ದೇ ಕೇಳಿ ತಲೆ ತಿನ್ನುತ್ತಾರೆ, ಸಮಾಧಾನವಾಗಿ ಉತ್ತರ ಕೊಡಿ. ಕೊನೆಗೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ, ಎಷ್ಟೋ ಸಲ ಸಮಯವನ್ನೂ ಗೊತ್ತು ಮಾಡಿಕೊಡುತ್ತಾರೆ.

ಎ ಅಂಡ್ ಇ ಅಂದರೆ ನಮ್ಮ ಕ್ಯಾಶುವಾಲ್ಟಿ. ಮಗಳು ಜೋಕಾಲಿಯಿಂದ ಬಿದ್ದು ಮೊಣಕೈ ಊದಿಕೊಂಡಿತ್ತು. ಒಂದು ರಾತ್ರಿ ಐದು ಗಂಟೆ ಕೂತಿದ್ದೆವು. ನಮ್ಮ ನಂತರ ಬಂದ ಅಜ್ಜ ಒಬ್ಬರು ಹತ್ತು ನಿಮಿಷದಲ್ಲಿ ಒಳಗೆ ಹೋದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ನರ್ಸ್ ಹೇಳಿದರು, ಇಲ್ಲಿ ಯಾರು ಮೊದಲು ಬಂದರು ಅಂತ ನೋಡುವುದಿಲ್ಲ, ಯಾರಿಗೆ ಅಪಾಯ ಜಾಸ್ತಿ ಅಂತ ನೋಡುತ್ತೇವೆ. ದುಡ್ಡು, ಪರಿಚಯ ಯಾವುದೂ ಆ ಸಾಲನ್ನು ಅಲುಗಿಸುವುದಿಲ್ಲ. ಹೋಗುವಾಗ ಚಾರ್ಜರ್, ಬಿಸ್ಕತ್ತು, ಮಗುವಿಗೆ ಒಂದು ಹೊದಿಕೆ ಇಟ್ಟುಕೊಳ್ಳಿ. ಉಳುಕು, ಸಣ್ಣ ಮೂಳೆ ಮುರಿತ, ಹೊಲಿಗೆ ಇಂಥವಕ್ಕೆ ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್ ಅಂತ ಬೇರೆ ಇದೆ, ಅಲ್ಲಿ ಸಾಮಾನ್ಯವಾಗಿ ಬೇಗ ಆಗುತ್ತದೆ. ನಮಗೆ ಆವತ್ತು ಅದು ಗೊತ್ತಿರಲಿಲ್ಲ.

ರೆಫರಲ್ ಆಗಿ ಎರಡು ತಿಂಗಳಾಯಿತು, ಸುದ್ದಿಯೇ ಇಲ್ಲ.

ರೆಫರಲ್ ಆದ ದಿನದಿಂದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ನಿಯಮದ ಮಾತು. ನಿಜದಲ್ಲಿ ಲಕ್ಷಾಂತರ ಜನ ಅದಕ್ಕಿಂತ ಜಾಸ್ತಿ ಕಾಯುತ್ತಿದ್ದಾರೆ. ಕ್ಯಾನ್ಸರ್ ಅನುಮಾನ ಇದ್ದರೆ ಮಾತ್ರ ದಾರಿಯೇ ಬೇರೆ, 28 ದಿನದೊಳಗೆ ಹೌದೋ ಅಲ್ಲವೋ ಹೇಳುವ ಗುರಿ ಇದೆ. ಎರಡು ವಾರ ಕಳೆದರೂ ಕಾಗದ ಬಾರದಿದ್ದರೆ ಸರ್ಜರಿಗೆ ಫೋನ್ ಮಾಡಿ ರೆಫರಲ್ ನಿಜವಾಗಿ ಹೋಗಿದೆಯಾ ಅಂತ ಕೇಳಿ. ಯಾವ ಆಸ್ಪತ್ರೆ ಅಂತ ಆರಿಸುವ ಹಕ್ಕೂ ನಿಮಗಿದೆ, ಸ್ವಲ್ಪ ದೂರದ್ದು ಆರಿಸಿದರೆ ಬೇಗ ಸಿಗಬಹುದು. ಕಾಯುವಾಗ ನೋವು ಹೆಚ್ಚಾದರೆ ಜಿಪಿಗೆ ಮತ್ತೆ ತಿಳಿಸಿ. ನೀವು ಹೇಳದಿದ್ದರೆ ಅವರ ಕಡತದಲ್ಲಿ ನೀವು ಮೊದಲಿನ ಹಾಗೇ ಇರುತ್ತೀರಿ.

ಗರ್ಭಿಣಿ. ಸ್ಕ್ಯಾನ್ ಯಾವಾಗ? ಡಾಕ್ಟರ್ ಯಾಕೆ ನೋಡುತ್ತಿಲ್ಲ?

ಇಲ್ಲಿ ಬಸುರಿಯರನ್ನು ನೋಡಿಕೊಳ್ಳುವವರು ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ತೊಡಕು ಇದ್ದರಷ್ಟೇ ಡಾಕ್ಟರ್. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ನೀವೇ ಹೆಸರು ಕೊಡಬಹುದು, 10 ವಾರದೊಳಗೆ ಮೊದಲ ಭೇಟಿ ಆದರೆ ಒಳ್ಳೆಯದು. ಸಾಮಾನ್ಯವಾಗಿ ಎರಡೇ ಸ್ಕ್ಯಾನ್: ಒಂದು 12ನೇ ವಾರದ ಸುಮಾರಿಗೆ, ಇನ್ನೊಂದು 20ನೇ ವಾರದ ಸುಮಾರಿಗೆ. ತಿಂಗಳಿಗೊಂದು ಸ್ಕ್ಯಾನ್ ನೋಡಿದವರಿಗೆ ಇದು ಕಡಿಮೆ ಅನ್ನಿಸುತ್ತದೆ. ಎರಡನೇ ಸ್ಕ್ಯಾನಿನಲ್ಲಿ "ಗಂಡೋ ಹೆಣ್ಣೋ ತಿಳಿಯಬೇಕಾ?" ಅಂತ ಅವರೇ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಬೆಚ್ಚಿ ಬಿದ್ದದ್ದು ನೋಡಿದ್ದೇನೆ. ಭಾರತದಲ್ಲಿ 1994ರ ಕಾಯ್ದೆ ಪ್ರಕಾರ ಅದು ಅಪರಾಧ, ಇಲ್ಲಿ ಅಲ್ಲ.

ಮೆಟರ್ನಿಟಿ ಎಕ್ಸೆಂಪ್ಶನ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಹೆರಿಗೆಯಾಗಿ 12 ತಿಂಗಳವರೆಗೆ ಔಷಧವೂ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಯೂ ಉಚಿತ. ಆದರೆ ಐವಿಎಫ್ ಮಾತ್ರ ಸರ್ಚಾರ್ಜ್ ಕಟ್ಟಿದವರಿಗೆ ಉಚಿತವಾಗಿ ಸಿಗುವುದಿಲ್ಲ.

ಹಲ್ಲು ನೋವು. ಜಿಪಿ ನೋಡುತ್ತಾರಾ?

ಇಲ್ಲ, ಡೆಂಟಿಸ್ಟ್ ಬೇರೆ. ಎನ್‌ಎಚ್‌ಎಸ್ ಡೆಂಟಿಸ್ಟ್ ಸಿಗುವುದು ಈ ದೇಶದ ದೊಡ್ಡ ತಲೆನೋವು. 2025ರ ಏಪ್ರಿಲ್ ದರದಲ್ಲಿ ಮೂರು ಹಂತ: ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30, ಕ್ರೌನ್, ಡೆಂಚರಿಗೆ 326.70. ಸಹಿಸಲಾಗದ ನೋವಾದರೆ 111ಕ್ಕೆ ಫೋನ್ ಮಾಡಿ. ಇನ್ನೂ ಊರು ಬಿಟ್ಟಿಲ್ಲ ಅಂದರೆ ಹಲ್ಲಿನ ಕೆಲಸ ಮುಗಿಸಿಕೊಂಡೇ ವಿಮಾನ ಹತ್ತಿ.

ಮನಸ್ಸಿಗೆ ತುಂಬಾ ಕಷ್ಟ ಆಗುತ್ತಿದೆ. ಹೇಳಿದರೆ ವೀಸಾಕ್ಕೆ, ಕೆಲಸಕ್ಕೆ ತೊಂದರೆ ಆಗುತ್ತಾ?

ನೀವು ಜಿಪಿಗೆ ಹೇಳಿದ್ದು ಆಫೀಸಿಗೆ ಹೋಗುವುದಿಲ್ಲ. ಹೊಸ ದೇಶ, ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲ, ಮಾತಿಗೆ ಜನ ಇಲ್ಲದ ಮನೆ... ಯಾರಿಗಾದರೂ ಆಗಬಹುದು. ಟಾಕಿಂಗ್ ಥೆರಪೀಸ್‌ಗೆ ಆನ್‌ಲೈನಿನಲ್ಲಿ ನೀವೇ ಹೆಸರು ಕೊಡಬಹುದು. ಪರಿಸ್ಥಿತಿ ಕೈ ಮೀರುತ್ತಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ 111ಕ್ಕೆ ಫೋನ್ ಮಾಡಿ 2 ಒತ್ತಿ. ಯಾವ ಹೊತ್ತಿನಲ್ಲಾದರೂ ಮಾನಸಿಕ ಆರೋಗ್ಯದವರು ಸಿಗುತ್ತಾರೆ. ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ 999.

ಹುಷಾರಿಲ್ಲ. ಆಫೀಸಿನವರು ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಿದ್ದಾರೆ.

ಏಳು ದಿನದವರೆಗೆ ನಿಮ್ಮ ಮಾತೇ ಸಾಕು, ಶನಿವಾರ ಭಾನುವಾರ ಸೇರಿ. ಅದಕ್ಕಿಂತ ಜಾಸ್ತಿ ಆದರೆ ಸರ್ಜರಿಯಿಂದ ಫಿಟ್ ನೋಟ್ ತೆಗೆದುಕೊಳ್ಳಿ.

ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. ಅವರಿಗೂ ಎಲ್ಲ ಉಚಿತವಾ?

ದಯವಿಟ್ಟು ಇದನ್ನು ಎರಡು ಸಲ ಓದಿ. ವಿಸಿಟರ್ ವೀಸಾದಲ್ಲಿ ಬಂದವರು ಸರ್ಚಾರ್ಜ್ ಕಟ್ಟಿರುವುದಿಲ್ಲ. ಅವರು ಜಿಪಿಯನ್ನು ನೋಡಬಹುದು, ಅದು ಉಚಿತ. ಎ ಅಂಡ್ ಇಯಲ್ಲಿ ನೋಡುವುದೂ ಉಚಿತ. ಆದರೆ ಅಲ್ಲಿಂದ ವಾರ್ಡಿಗೆ ಅಡ್ಮಿಟ್ ಮಾಡಿದ ಕ್ಷಣದಿಂದ ಬಿಲ್ ಶುರು, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. 500 ಪೌಂಡಿಗಿಂತ ಜಾಸ್ತಿ ಬಾಕಿ ಉಳಿಸಿಕೊಂಡು ಹೋದರೆ ಮುಂದಿನ ವೀಸಾಕ್ಕೆ ಅಡ್ಡ ಬರಬಹುದು. ಪಾರ್ಶ್ವವಾಯು, ಹೃದಯಾಘಾತ ಆದರೆ ಚಿಕಿತ್ಸೆ ಮೊದಲು ಕೊಡುತ್ತಾರೆ, ದುಡ್ಡು ಆಮೇಲೆ ಕೇಳುತ್ತಾರೆ. ಆದರೆ ಕೇಳುವುದಂತೂ ಖಂಡಿತ.

ಟಿಕೆಟ್ ತೆಗೆಯುವ ದಿನವೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಅಪ್ಪನಿಗೆ ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ. ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ ಮುಚ್ಚಿಟ್ಟ ಒಬ್ಬರು ಕೊನೆಗೆ ಇಡೀ ಬಿಲ್ಲನ್ನು ಕಂತಿನಲ್ಲಿ ಕಟ್ಟುತ್ತಿದ್ದಾರೆ. ಮಾತ್ರೆಗಳನ್ನು ಆರು ತಿಂಗಳಿಗೆ ಆಗುವಷ್ಟು ತರಲಿ, ಚೀಟಿ ಸಮೇತ, ಕೈಚೀಲದಲ್ಲಿ. ದೊಡ್ಡ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಇರಲಿ.

ಬುಕ್ ಮಾಡಿದ ದಿನ ಹೋಗಲು ಆಗಲ್ಲ. ಮನೆಯನ್ನೂ ಬದಲಾಯಿಸುತ್ತಿದ್ದೇನೆ.

ಆ್ಯಪಿನಲ್ಲಿ ಅಥವಾ ಬಂದ ಮೆಸೇಜಿನಲ್ಲೇ ಕ್ಯಾನ್ಸಲ್ ಮಾಡಿಬಿಡಿ. ಹೇಳದೆ ತಪ್ಪಿಸಿದರೆ ಆಸ್ಪತ್ರೆಯವರು ನಿಮ್ಮನ್ನು ಪಟ್ಟಿಯಿಂದಲೇ ತೆಗೆದು ಮತ್ತೆ ಜಿಪಿ ಹತ್ತಿರ ಕಳಿಸಬಹುದು. ಮನೆ ಬದಲಾದರೆ ಹೊಸ ಜಾಗದ ಸರ್ಜರಿಯಲ್ಲಿ ಹೆಸರು ಬರೆಸಿ, ಹಳೆಯ ದಾಖಲೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆಸ್ಪತ್ರೆಯ ರೆಫರಲ್ ಕಾಯುತ್ತಿದ್ದರೆ ಅವರಿಗೂ ಹೊಸ ವಿಳಾಸ ಬೇರೆಯಾಗಿ ತಿಳಿಸಿ. ಅಪಾಯಿಂಟ್‌ಮೆಂಟಿನ ಕಾಗದ ಇವತ್ತಿಗೂ ಎಷ್ಟೋ ಸಲ ಅಂಚೆಯಲ್ಲೇ ಬರುತ್ತದೆ, ನಮ್ಮ ಹಳೇ ಮನೆಗೆ ಬಂದದ್ದು ನಮ್ಮ ಕೈ ಸೇರುವಾಗ ದಿನಾಂಕ ಕಳೆದು ಒಂಬತ್ತು ದಿನ ಆಗಿತ್ತು.